ಕಂಠೀರವದ ಸಾಫ್ ಫೈನಲ್: ನಾನು ಫೋಟೋ ತೆಗೆದ ಬಗೆ

ಫುಟ್‌ಬಾಲ್ ಫೋಟೋ ತೆಗೆಯುವವರಿಗೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಸಲೀಸಾದ ಜಾಗ ಅಲ್ಲ. ಮೈದಾನದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇರುವುದರಿಂದ ಗ್ಯಾಲರಿ ದೂರ. ಆಟಗಾರನ ಹಿಂದೆ ಜನರ ಮುಖ ಬರಲಿ ಅಂದರೆ ತಲೆ ಓಡಿಸಬೇಕು. ಅದೂ ರಾತ್ರಿ ಪಂದ್ಯ, ಅದೂ ಫೈನಲ್. 2023ರ ಜುಲೈ 4ರಂದು ಭಾರತ–ಕುವೈತ್ ಪಂದ್ಯವನ್ನು ಹೇಗೆ ತೆಗೆದೆ ಅಂತ ಈ ಕೆಲಸಕ್ಕೆ ಹೊಸದಾಗಿ ಬಂದವರು ಆಗಾಗ ಕೇಳುತ್ತಾರೆ.

ಮೊದಲು ಪಂದ್ಯ ಗೊತ್ತಿರಬೇಕು, ಲೆನ್ಸ್ ಮಾತು ಆಮೇಲೆ. ಸಾಫ್ ಅಂದರೆ ದಕ್ಷಿಣ ಏಷ್ಯಾದ ಟೂರ್ನಿ. ಆ ಸಲ ಲೆಬನಾನ್ ಮತ್ತು ಕುವೈತ್ ಅತಿಥಿಗಳಾಗಿ ಬಂದಿದ್ದವು. ನಿಜ ಹೇಳಬೇಕೆಂದರೆ ಅತಿಥಿಗಳೇ ಗಟ್ಟಿಗರು. ಗುಂಪಿನ ಹಂತದಲ್ಲಿ ಭಾರತ–ಕುವೈತ್ 1–1. ಆ ದಿನ ಭಾರತದ ಆಗಿನ ಕೋಚ್ ಇಗೊರ್ ಸ್ಟಿಮಾಚ್ ಟೂರ್ನಿಯಲ್ಲಿ ಎರಡನೇ ಸಲ ರೆಡ್ ಕಾರ್ಡ್ ತಿಂದರು. ಹಾಗಾಗಿ ಸೆಮಿಫೈನಲ್, ಫೈನಲ್ ಎರಡಕ್ಕೂ ಗೆರೆ ಪಕ್ಕ ನಿಂತವರು ಸಹಾಯಕ ಕೋಚ್ ಮಹೇಶ್ ಗಾವಳಿ. ಸ್ಟಿಮಾಚ್ ಇದ್ದರೆ ಕೈಕಾಲು ಆಡಿಸುವ ಒಂದು ಫೋಟೋ ಗ್ಯಾರಂಟಿ. ಗಾವಳಿ ಹಾಗಲ್ಲ. ಬೆಂಚ್ ಕಡೆ ಜಾಸ್ತಿ ನೋಡುವುದು ಬೇಡ ಅಂತ ಆಗಲೇ ತೀರ್ಮಾನಿಸಿದೆ.

ಜುಲೈ 1ರ ಸೆಮಿಫೈನಲ್ ನನಗೆ ರಿಹರ್ಸಲ್ ಇದ್ದ ಹಾಗೆ. ಲೆಬನಾನ್ ಜೊತೆ 120 ನಿಮಿಷ ಗೋಲೇ ಇಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಅವರ ನಾಯಕ ಹಸನ್ ಮಾತೂಕ್ ಹೊಡೆದ ಮೊದಲ ಕಿಕ್ಕನ್ನೇ ನಮ್ಮ ಗೋಲಿ (ಗೋಲ್‌ಕೀಪರ್) ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಭಾರತ 4–2. ಅವತ್ತು ರಾತ್ರಿ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಾ ಕೂತೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಗುರ್‌ಪ್ರೀತ್ ಆರೂವರೆ ಅಡಿ ಆಳು. ಅವರು ಮೈ ಚಾಚಿದಾಗ ಎಷ್ಟು ದೂರ ಹೋಗುತ್ತಾರೆ ಅನ್ನೋದು ಸುಮ್ನೆ ಕಣ್ಣಂದಾಜಿಗೆ ಸಿಗಲ್ಲ. ಆ ಫೋಟೋಗಳಲ್ಲಿ ಸಿಕ್ಕಿತು. ಫೈನಲ್ ಶೂಟೌಟ್‌ಗೆ ಹೋದರೆ ಎಲ್ಲಿ ಕೂರಬೇಕು, ಚೌಕಟ್ಟು ಎಷ್ಟು ಅಗಲ ಇಡಬೇಕು ಅಂತ ಅಲ್ಲೇ ಗಟ್ಟಿ ಮಾಡಿಕೊಂಡೆ.

ಗೋಲಿನ ನೇರ ಹಿಂದೆ ಕೂತರೆ ಕಿಕ್ ಹೊಡೆಯುವವನ ಮುಖ ಚೆನ್ನಾಗಿ ಸಿಗುತ್ತದೆ. ಆದರೆ ಗೋಲಿಯ ಬೆನ್ನು ಮಾತ್ರ. ಜೊತೆಗೆ ನೆಟ್ ಅಡ್ಡ, ಆಟೋಫೋಕಸ್ ಒಮ್ಮೊಮ್ಮೆ ನೆಟ್ಟಿಗೇ ಅಂಟಿಕೊಳ್ಳುತ್ತದೆ. ಕಾರ್ನರ್ ಬಾವುಟದ ಕಡೆ ಸರಿದು ಕೂತರೆ ಗೋಲಿ ಹಾರುವುದು ಪಕ್ಕದಿಂದ ಕಾಣುತ್ತದೆ, ಕೈ, ಕಣ್ಣು, ಚೆಂಡು ಮೂರೂ. ನನಗೆ ಅದೇ ಇಷ್ಟ. ಸಂಜೆ ಏಳೂವರೆ ಪಂದ್ಯಕ್ಕೆ ಬಹಳ ಮುಂಚೆಯೇ ಹೋಗಿ, ಮೊದಲರ್ಧದಲ್ಲಿ ಭಾರತ ದಾಳಿ ಮಾಡುವ ತುದಿಯಲ್ಲಿ, ಕಾರ್ನರ್ ಹತ್ತಿರ ಮಣೆ ಹಾಕಿದೆ. ಒಂದು ಕ್ಯಾಮೆರಾಕ್ಕೆ ಮಾನೋಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಮೇಲೆ 400 ಎಂಎಂ ಲೆನ್ಸ್, ಇನ್ನೊಂದಕ್ಕೆ 70–200 ಎಂಎಂ ಜೂಮ್ ಲೆನ್ಸ್. ಶಟರ್ 1/1250 ಸೆಕೆಂಡ್, ಅಪರ್ಚರ್ (ಲೆನ್ಸ್ ಬಾಯಿ ತೆರೆಯುವ ಅಳತೆ) 2.8, ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಐಎಸ್‌ಒ 5000 ಸುತ್ತಮುತ್ತ. ಎಲ್ಲ ಮ್ಯಾನ್ಯುವಲ್. ಬಿಳಿ ಗೆರೆ, ಬಿಳಿ ಜೆರ್ಸಿ ಕಂಡಾಗಲೆಲ್ಲ ಕ್ಯಾಮೆರಾ ತನ್ನ ಬುದ್ಧಿ ಉಪಯೋಗಿಸೋದು ನನಗೆ ಬೇಡ. ಸ್ವಲ್ಪ ಗ್ರೇನ್ (ಚುಕ್ಕೆ ಚುಕ್ಕೆ) ಬಂದರೆ ಬರಲಿ, ಅಲುಗಿದ ಫೋಟೋ ಯಾರಿಗೂ ಬೇಡ.

ಹದಿನಾಲ್ಕನೇ ನಿಮಿಷದಲ್ಲಿ ಶಬೀಬ್ ಅಲ್ ಖಾಲ್ದಿ ಕುವೈತ್‌ಗೆ ಗೋಲು ಹೊಡೆದಾಗ ಅದು ನನ್ನ ಎದುರಿನ ತುದಿ. ಒಂದು ಕಡೆ ಕೂತರೆ ಇನ್ನೊಂದು ಕಡೆ ಬಿಟ್ಟ ಹಾಗೇ, ಅಲ್ವಾ? ನಾನು ಲೆನ್ಸ್ ಹತ್ತಿರದ ಗ್ಯಾಲರಿಗೆ ತಿರುಗಿಸಿದೆ. ತಲೆ ಮೇಲೆ ಕೈ ಹೊತ್ತ ಸಾಲು ಸಾಲು ಜನ. ಮೊದಲರ್ಧ ಮುಗಿಯುವ ಮುಂಚೆಯೇ ಸುನಿಲ್ ಛೆಟ್ರಿ ಚೆಂಡನ್ನು ಸಹಲ್ ಅಬ್ದುಲ್ ಸಮದ್‌ಗೆ ಬಿಟ್ಟರು, ಸಹಲ್ ಅಡ್ಡಕ್ಕೆ ತಳ್ಳಿದರು, ಲಾಲಿಯನ್‌ಜುವಾಲಾ ಛಾಂಗ್ಟೆ ಒಳಗೆ ಸೇರಿಸಿದರು. ಇಲ್ಲಿ ನನ್ನ ನಿಯಮ ಒಂದೇ: ಗೋಲು ಆದ ಮೇಲೆ ಬಟನ್‌ನಿಂದ ಬೆರಳು ತೆಗೆಯಬಾರದು. ಚೆಂಡು ನೆಟ್ಟಲ್ಲಿರುವ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ. ಆಮೇಲಿನ ಎರಡು ಮೂರು ಸೆಕೆಂಡಿನಲ್ಲಿ, ಆಟಗಾರ ಯಾರ ಕಡೆ ಓಡುತ್ತಾನೆ ಅಂತ ಅವನಿಗೇ ಗೊತ್ತಿಲ್ಲದಾಗ, ಮುಖ ತೆರೆದುಕೊಳ್ಳುತ್ತದೆ.

ಎರಡನೇ ಅರ್ಧ, ಹೆಚ್ಚುವರಿ ಸಮಯ ಫೋಟೋಗ್ರಾಫರ್‌ಗೆ ಬರೀ ಕಾಯುವ ಕೆಲಸ. ತಳ್ಳಾಟ, ಹಳದಿ ಕಾರ್ಡು. ಗ್ಯಾಲರಿ ಮಾತ್ರ ಸುಸ್ತಾಗಲಿಲ್ಲ, ‘ವಂದೇ ಮಾತರಂ’ ಅಂತ ಇಡೀ ಕ್ರೀಡಾಂಗಣ ಹಾಡಿತು. ಫೋಟೋದಲ್ಲಿ ಸದ್ದು ಬರಲ್ಲವಲ್ಲ!

ಶೂಟೌಟ್ ಶುರುವಾದಾಗ 70–200 ಕೈಗೆ ತೆಗೆದುಕೊಂಡು ಚೌಕಟ್ಟನ್ನು ಅಗಲ ಮಾಡಿದೆ. ಎರಡೂ ಕಂಬ, ಮೇಲಿನ ಅಡ್ಡಪಟ್ಟಿ ಸೇರುವಷ್ಟು. ಫೋಕಸ್ ಗುರ್‌ಪ್ರೀತ್ ಎದೆ ಮೇಲೆ. ಕಿಕ್ ಹೊಡೆಯುವವನನ್ನು ಬರಿಗಣ್ಣಿಂದ ನೋಡುವುದು, ಅವನ ನಿಂತ ಕಾಲು ನೆಲಕ್ಕೆ ಊರಿದ ತಕ್ಷಣ ಒತ್ತುವುದು. ಚೆಂಡು ಹೊರಟ ಮೇಲೆ ಒತ್ತಿದರೆ ತಡವಾಯಿತು. ಕುವೈತ್‌ನ ಮೊದಲ ಕಿಕ್ ಅಡ್ಡಪಟ್ಟಿಗೆ ಬಡಿಯಿತು. ಗೋಲಿಯನ್ನೇ ಬಿಗಿಯಾಗಿ ತುಂಬಿಸಿಕೊಂಡಿದ್ದರೆ ಆ ಫೋಟೋ ಸಿಗುತ್ತಿರಲಿಲ್ಲ. ನಮ್ಮ ಕಡೆ ಛೆಟ್ರಿ, ಸಂದೇಶ್ ಜಿಂಗನ್, ಛಾಂಗ್ಟೆ ಗೋಲು ಹೊಡೆದರು. ಉದಾಂತ ಸಿಂಗ್ ತಪ್ಪಿಸಿದರು. ಸುಭಾಶಿಷ್ ಬೋಸ್ ಗೋಲು. ಐದೈದು ಕಿಕ್ ಆದಾಗ 4–4. ಆರನೆಯದನ್ನು ಮಹೇಶ್ ಸಿಂಗ್ ಒಳಗೆ ಹಾಕಿದರು. ಆಮೇಲೆ ಕುವೈತ್ ನಾಯಕ ಬಂದರು, ಗುರ್‌ಪ್ರೀತ್ ಹಾರಿ ತಡೆದರು. ಭಾರತಕ್ಕೆ ಒಂಬತ್ತನೇ ಪ್ರಶಸ್ತಿ.

ಆ ಬರ್ಸ್ಟ್‌ನಲ್ಲಿ (ಬಟನ್ ಒತ್ತಿ ಹಿಡಿದಾಗ ಸಾಲಾಗಿ ಬಿದ್ದ ಫೋಟೋಗಳು) ಕೈಗವಸಿಗೆ ಚೆಂಡು ತಾಗಿದ ಫ್ರೇಮ್ ಒಂದೇ ಒಂದು. ಕ್ಯಾಮೆರಾದಲ್ಲೇ ಅದಕ್ಕೆ ಲಾಕ್ ಹಾಕಿದೆ. ಹೀಗೆ ಲಾಕ್ ಆದವನ್ನು ಮಾತ್ರ ಮೊದಲು ಕಳಿಸುವುದು, ಉಳಿದದ್ದು ರಾತ್ರಿ. ಸುದ್ದಿ ಡೆಸ್ಕಿನವರಿಗೆ ಐದು ನಿಮಿಷ ತಡವಾದ ಒಳ್ಳೆ ಫೋಟೋಗಿಂತ ಈಗ ಬಂದ ಸುಮಾರು ಫೋಟೋನೇ ಮೇಲು. ನನಗೆ ಈ ಪದ್ಧತಿ ಹಿಡಿಸಲ್ಲ, ಆದರೆ ಊಟ ಅದರಿಂದಲೇ.

ಪದಕ ಕೊಡುವಾಗ ಎಲ್ಲರೂ ಕಪ್ ಕಡೆ ಲೆನ್ಸ್ ಹಿಡಿದಿದ್ದರು. ಭಾರತದ ಆಟಗಾರ ಜೀಕ್ಸನ್ ಸಿಂಗ್ ಮಣಿಪುರದ ಮೈತೇಯಿ ಜನರ ಏಳು ಬಣ್ಣದ ಬಾವುಟ ಹೊದ್ದು ಬಂದರು. ಮಣಿಪುರ ಹಿಂಸೆಯಲ್ಲಿ ಹೊತ್ತಿ ಎರಡು ತಿಂಗಳಾಗಿತ್ತು, ಅವರು ಅಲ್ಲಿಯವರು. ಇಂಥ ಫೋಟೋಗೆ ಅಡಿಬರಹ ಬರೆಯುವಾಗ ನಾನು ಕಣ್ಣಿಗೆ ಕಂಡದ್ದಷ್ಟೇ ಬರೆಯುತ್ತೇನೆ: ಯಾರು, ಏನು ಹೊದ್ದಿದ್ದಾರೆ, ಎಲ್ಲಿ, ಯಾವಾಗ. ಯಾಕೆ ಅನ್ನೋದನ್ನು ಅವರೇ ಹೇಳಲಿ. ಅದಾದ ಮೇಲೆ ಜೀಕ್ಸನ್, ಮಣಿಪುರದಲ್ಲಿ ಶಾಂತಿ ಬರಲಿ ಅಂತಲೇ ಹೀಗೆ ಮಾಡಿದ್ದು ಅಂದರು. ನನ್ನ ಅಡಿಬರಹದಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಲಿಲ್ಲ.