ಲಂಗರು ದೀಪ ಕಟ್ಟುವುದು ಹೇಗೆ?

ಶರಾವತಿ ಅಳಿವೆಯಲ್ಲಿ ಒಂದು ಬೆಳಗಿನ ಜಾವ, ಬಲೆ ಎತ್ತಲು ಹೊರಟವರ ಪಾತಿ ದೋಣಿಯಲ್ಲಿ, ಅಂದರೆ ನೀರಿಗೆ ತಗ್ಗಾಗಿ ತೇಲುವ ಚಿಕ್ಕ ದೋಣಿಯಲ್ಲಿ, ನಾನೂ ಕುಳಿತಿದ್ದೆ. ದೂರದಲ್ಲಿ ಬಿಳಿ ದೀಪವೊಂದು ಕಾಣುತ್ತಿತ್ತು. ಹತ್ತಿರವಾದಂತೆ ಅದು ಮಾಯವಾಯಿತು. ದೋಣಿ ಹೊರಟುಹೋಗಿರಬೇಕು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಬಿಗಿಯಾದ ಲಂಗರಿನ ಹಗ್ಗ ನಮ್ಮ ಎದೆಮಟ್ಟಕ್ಕೆ ಬಂದು ತಡೆಯಿತು. ತಲೆಯ ಮೇಲೆ ದೊಡ್ಡ ಪ್ರವಾಸಿ ದೋಣಿ ನಿಂತಿತ್ತು. ಅದರ ದೀಪ ಉರಿಯುತ್ತಲೇ ಇತ್ತು, ಆದರೆ ಚಾವಣಿಗೆ ಅಂಟಿಸಿದಂತಿದ್ದ ಅದು ಕೆಳಗಿದ್ದ ನಮಗೆ ಕಾಣುವಂತಿರಲಿಲ್ಲ.

ನಿಯಮ ಸರಳವಾಗಿದೆ. 1972ರ ಅಂತಾರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳಲ್ಲಿ 30ನೆಯದು ಲಂಗರು ಹಾಕಿದ ನೌಕೆಗಳದ್ದು. ಸಮುದ್ರದ ಹಡಗುಗಳು ಒಳಬರಬಲ್ಲ ಅಳಿವೆ, ಹೊಳೆಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. 50 ಮೀಟರಿಗಿಂತ ಚಿಕ್ಕ ನೌಕೆಗೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಸಾಕು. ಅದಕ್ಕಿಂತ ಉದ್ದದ್ದಕ್ಕೆ ಮುಂದೊಂದು, ಹಿಂದೆ ತುಸು ತಗ್ಗಿನಲ್ಲಿ ಇನ್ನೊಂದು ಬೇಕು. 7 ಮೀಟರಿಗಿಂತ ಚಿಕ್ಕ ದೋಣಿಗೆ ವಿನಾಯಿತಿ ಇದೆ ಎಂದು ಹಲವರು ವಾದಿಸುತ್ತಾರೆ. ಆ ವಿನಾಯಿತಿ ಕಿರಿದಾದ ಜಲಮಾರ್ಗದಲ್ಲಾಗಲಿ, ಬೇರೆ ದೋಣಿಗಳು ಓಡಾಡುವ ಕಡೆಯಾಗಲಿ ಸಿಗುವುದಿಲ್ಲ. ನಮ್ಮ ಹೊಳೆಗಳಲ್ಲಿ ದೋಣಿ ಓಡಾಡದ ಜಾಗ ಎಷ್ಟಿದೆ? ದೀಪ ಕಟ್ಟಿ.

ಮೊದಲ ಕೆಲಸ, ದೀಪ ಕೊಳ್ಳುವುದು. 360 ಡಿಗ್ರಿ ಮತ್ತು 2 ನಾಟಿಕಲ್ ಮೈಲಿ, ಅಂದರೆ ಸುಮಾರು 3.7 ಕಿ.ಮೀ. ದೂರಕ್ಕೆ ಕಾಣುತ್ತದೆ ಎಂದು ನಮೂದಿಸಿರುವ ಎಲ್‌ಇಡಿ ದೀಪವನ್ನೇ ತನ್ನಿ. ತೋಟಕ್ಕೆ ನೆಡುವ ಸೋಲಾರ್ ದೀಪವನ್ನು ದಯವಿಟ್ಟು ತರಬೇಡಿ. ಮೋಡ ಮುಸುಕಿದ ದಿನ ಅದಕ್ಕೆ ಸರಿಯಾಗಿ ಚಾರ್ಜ್ ಆಗುವುದಿಲ್ಲ, ನಡುರಾತ್ರಿಯ ಹೊತ್ತಿಗೆ ಮಂಕಾಗುತ್ತದೆ.

ಎರಡನೆಯದು ಬ್ಯಾಟರಿ. 2 ವಾಟಿನ ಎಲ್‌ಇಡಿ 12 ಗಂಟೆ ಉರಿದರೆ 12 ವೋಲ್ಟ್ ಬ್ಯಾಟರಿಯಿಂದ 2 ಆಂಪಿಯರ್-ಗಂಟೆಯಷ್ಟೇ ಖರ್ಚು. ಹಳೆಯ 10 ವಾಟಿನ ಬುರುಡೆ 10 ಆಂಪಿಯರ್-ಗಂಟೆ ತಿನ್ನುತ್ತದೆ. ಬ್ಯಾಟರಿ ಉಳಿಸಲು ದೀಪ ಆರಿಸಿ ಮಲಗುವವರಿಗೆ ಇನ್ನು ಕಾರಣವೇ ಉಳಿದಿಲ್ಲ.

ಈಗ ಎಲ್ಲರೂ ಎಡವುವ ಹಂತ: ದೀಪವನ್ನು ಎಲ್ಲಿ ಕಟ್ಟಬೇಕು? 'ಅತ್ಯಂತ ಚೆನ್ನಾಗಿ ಕಾಣುವ ಕಡೆ' ಎನ್ನುತ್ತದೆ ನಿಯಮ. ಕಾಣಬೇಕಾದದ್ದು ಕತ್ತಲಲ್ಲಿ ಬರುತ್ತಿರುವವನಿಗೆ, ಅದರಲ್ಲೂ ನೀರಿನಿಂದ ಒಂದು ಮೀಟರ್ ಎತ್ತರದಲ್ಲಿ ಕಣ್ಣಿರುವ ಪಾತಿ ದೋಣಿಯವನಿಗೆ. ನಿಮ್ಮ ಚಾವಣಿ ನೀರಿನಿಂದ 3 ಮೀಟರ್ ಮೇಲಿದೆ, ದೀಪದಿಂದ ಮುಂದಕ್ಕೆ 6 ಮೀಟರ್ ಚಾಚಿದೆ ಎನ್ನೋಣ. ದೀಪ ಚಾವಣಿಯಿಂದ 10 ಸೆಂ.ಮೀ. ಮಾತ್ರ ಮೇಲಿದ್ದರೆ, ಎದುರಿನಿಂದ ಬರುವವನು ಸುಮಾರು 125 ಮೀಟರ್ ದೂರಕ್ಕೆ ಬರುತ್ತಲೇ ಚಾವಣಿಯ ಅಂಚು ಅದನ್ನು ಮರೆಮಾಡುತ್ತದೆ. ಅದೇ ದೀಪವನ್ನು ಒಂದು ಮೀಟರ್ ಉದ್ದದ ಪೈಪಿನ ತುದಿಗೆ ಏರಿಸಿ, 18 ಮೀಟರಿನವರೆಗೂ ಕಾಣುತ್ತದೆ. ಖರ್ಚು ಒಂದು ಪೈಪು, ನಾಲ್ಕು ಬೋಲ್ಟು.

ಪೈಪಿನ ತುದಿಗೆ ಎಂದೆ, ಪಕ್ಕಕ್ಕೆ ಅಲ್ಲ. 10 ಸೆಂ.ಮೀ. ದಪ್ಪದ ಕಂಬದ ಪಕ್ಕದಲ್ಲಿ, ಅದರ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ದೀಪ ಕಟ್ಟಿದರೆ ಕಂಬದ ನೆರಳು 100 ಮೀಟರ್ ಆಚೆ ಸುಮಾರು 50 ಮೀಟರ್ ಅಗಲಕ್ಕೆ ಹರಡುತ್ತದೆ. ಅಷ್ಟು ಅಗಲದಲ್ಲಿ ಬರುವವರಿಗೆ ನಿಮ್ಮ ದೋಣಿ ಇಲ್ಲವೇ ಇಲ್ಲ. 'ದೋಣಿ ಓಡಾಡುವ ಕಡೆಗೆ ದೀಪ ತಿರುಗಿಸಿದ್ದೇನೆ' ಎಂದು ತಾಂಡೇಲರೊಬ್ಬರು (ದೋಣಿ ನಡೆಸುವ ಮುಖ್ಯಸ್ಥರು) ನನಗೆ ಹೇಳಿದ್ದರು. ಅಳಿವೆಯಲ್ಲಿ ಆರು ಗಂಟೆಗೊಮ್ಮೆ ಭರತ ಹೋಗಿ ಇಳಿತ ಬರುತ್ತದೆ, ಲಂಗರಿಗೆ ಕಟ್ಟಿದ ದೋಣಿ ಪೂರ್ತಿ ತಿರುಗಿ ನಿಲ್ಲುತ್ತದೆ. ಸಂಜೆ ದೋಣಿಗಳ ದಾರಿಯತ್ತ ನೋಡುತ್ತಿದ್ದ ದೀಪ ನಡುರಾತ್ರಿ ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಬೆಳಗುತ್ತಿರುತ್ತದೆ.

ಕಟ್ಟಿದ ಮೇಲೆ ದೋಣಿಯ ಮೇಲಿಂದಲೇ ನೋಡಿ ತೃಪ್ತಿಪಡಬೇಡಿ. ಕತ್ತಲಾದ ಮೇಲೆ ಚಿಕ್ಕ ದೋಣಿಯೊಂದರಲ್ಲಿ ಇಳಿದು, 200 ಮೀಟರ್ ದೂರದಿಂದ ಒಂದು ಸುತ್ತು, 30 ಮೀಟರಿನಿಂದ ಇನ್ನೊಂದು ಸುತ್ತು ಹಾಕಿ. ಕುಳಿತೇ ನೋಡಿ, ನಿಲ್ಲಬೇಡಿ. ದೀಪ ಎಲ್ಲಿ ಒಮ್ಮೆ ಮಿಟುಕಿತೋ ಅಲ್ಲಿ ಏನೋ ಅಡ್ಡವಿದೆ: ಹಗ್ಗ, ಧ್ವಜದ ಕೋಲು, ಒಣಹಾಕಿದ ಬಲೆ.

ಲಂಗರು ಹಾಕಿದ ಕೂಡಲೇ ಪಕ್ಕದ ಕೆಂಪು, ಹಸಿರು ದೀಪಗಳನ್ನು ಆರಿಸಿ. ಅವು ಉರಿಯುತ್ತಿದ್ದರೆ ನೀವು ಚಲಿಸುತ್ತಿದ್ದೀರಿ ಎಂದೇ ಎದುರಿನವನು ತಿಳಿದು, ನೀವು ದಾರಿ ಬಿಡುವಿರೆಂದು ಕಾಯುತ್ತಾನೆ. ಸಾಗುವಾಗ ಬಳಸುವ ಕಂಬದ ಬಿಳಿ ದೀಪವೂ ಇಲ್ಲಿ ನಡೆಯದು, ಅದು ಕಾಣುವುದು 225 ಡಿಗ್ರಿ ಮಾತ್ರ. ಪ್ರವಾಸಿ ದೋಣಿಗಳ ಮಿನುಗುವ ಬಣ್ಣದ ಸರಗಳಂತೂ ಆರಲೇಬೇಕು, ಅವುಗಳ ನಡುವೆ ಲಂಗರು ದೀಪ ಕಳೆದೇಹೋಗುತ್ತದೆ.

ಸೂರ್ಯ ಮುಳುಗಿದಾಗ ಹಚ್ಚಿ, ಹುಟ್ಟಿದಾಗ ಆರಿಸಿ. ಆಷಾಢದ ಮಳೆಯಲ್ಲಿ ಆಚೆ ದಡ ಕಾಣದಂತಾದರೆ ಹಗಲಲ್ಲೂ ಉರಿಯಲಿ. ಬೆಳಿಗ್ಗೆ ಆರಿಸಿದ ಮೇಲೆ ಗಾಜಿನ ಮೇಲೆ ಕುಳಿತ ಉಪ್ಪನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ, ದೋಣಿಯ ಮುಂಭಾಗದಲ್ಲಿ, ಲಂಗರು ಹಾಕಿದ್ದಕ್ಕೆ ಹಗಲಿನ ಗುರುತಾದ ಕಪ್ಪು ಗೋಳ ಏರಿಸಿ. ಅದರ ವ್ಯಾಸ 60 ಸೆಂ.ಮೀ. ಇರಬೇಕು, 20 ಮೀಟರಿಗಿಂತ ಚಿಕ್ಕ ದೋಣಿಗೆ ಅಳತೆಗೆ ತಕ್ಕಂತೆ ಕಿರಿದಾದರೂ ಆದೀತು. ಗೋಳವನ್ನು ಇಡಲು ಜಾಗವಿಲ್ಲದವರು ಎರಡು ದುಂಡು ಕಪ್ಪು ತಟ್ಟೆಗಳನ್ನು ಸೀಳಿ ಒಂದರೊಳಗೊಂದು ಅಡ್ಡಲಾಗಿ ಸಿಕ್ಕಿಸುತ್ತಾರೆ. ಬಿಚ್ಚಿದರೆ ಚಪ್ಪಟೆಯಾಗಿ ಹಲಗೆಯ ಕೆಳಗೆ ಸೇರುತ್ತದೆ.