ಗಾಳ ಎಸೆಯುವ ಮೊದಲು ನೀರು ನೋಡಿ: ಕೊಡಗಿನ ಹೊಳೆ, ಕೆರೆಗಳಲ್ಲಿ ನನ್ನ ಅನುಭವ

ಹೊಸದಾಗಿ ಗಾಳ ಹಿಡಿದವರು ಮೊದಲು ಕೇಳುವುದು ಯಾವ ರಾಡ್ ಒಳ್ಳೆಯದು, ಯಾವ ರೀಲ್ ತಗೊಳ್ಳಲಿ ಎಂದು. ನಾನು ತಿರುಗಿ ಕೇಳುವುದು ಒಂದೇ: ಇವತ್ತು ನೀರು ಹೇಗಿದೆ ನೋಡಿದಿರಾ? ನಮ್ಮ ಮನೆ ಸಿದ್ದಾಪುರದ ಕಡೆ, ಕಾವೇರಿಗೆ ನಡೆದು ಹೋಗುವಷ್ಟು ಹತ್ತಿರ. ಚಿಕ್ಕಂದಿನಲ್ಲಿ ಬಿದಿರ ಕೋಲು, ನೈಲಾನ್ ದಾರ, ಒಂದು ತುಂಡು ಬೆಂಡು ಇಟ್ಟುಕೊಂಡು ಮೀನು ಹಿಡಿದವರು ನಾವು. ಈಗ ಏಳಡಿಯ ಫೈಬರ್ ರಾಡ್ ಇದೆ, ದೂರ ಎಸೆಯಬಹುದು. ಆದರೆ ಮೀನಿಲ್ಲದ ಕಡೆ ಎಷ್ಟು ದೂರ ಎಸೆದರೂ ಅಷ್ಟೇ.

ಹೊಳೆ ಬದಿಗೆ ಹೋದ ಕೂಡಲೇ ನಾನು ಗಾಳ ಬಿಚ್ಚುವುದಿಲ್ಲ. ನೀರಿನ ಅಂಚಿನಲ್ಲಿ ಒಂದು ಕಡ್ಡಿ ಚುಚ್ಚುತ್ತೇನೆ, ನೀರು ಮುಟ್ಟುವ ಜಾಗದಲ್ಲಿ ಉಗುರಿನಿಂದ ಗೀರು ಹಾಕುತ್ತೇನೆ. ಆಮೇಲೆ ಎರೆಹುಳು ಡಬ್ಬಿ ತೆಗೆಯುವುದು, ದಾರಕ್ಕೆ ಸೀಸದ ಗುಂಡು ಕಟ್ಟುವುದು, ಥರ್ಮಾಸಿನ ಕಾಫಿ ಕುಡಿಯುವುದು. ಅರ್ಧ ಗಂಟೆ ಕಳೆದು ಕಡ್ಡಿ ನೋಡಿದರೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ. ಕೆನ್ನೀರು ಏರುತ್ತಿದ್ದರೆ ಮೀನು ನಡುಹೊಳೆಯ ಸೆಳೆತ ಬಿಟ್ಟು ದಡಕ್ಕೆ, ಹುಲ್ಲಿನ ಬುಡಕ್ಕೆ ಬಂದಿರುತ್ತದೆ. ಆಗ ದೂರ ಎಸೆಯುವುದೇ ವ್ಯರ್ಥ, ಕಾಲಿನಿಂದ ಎರಡು ಮಾರು ಆಚೆ ಹಾಕಿದರೆ ಸಾಕು. ನೀರು ಇಳಿಯುತ್ತಾ ಮೇಲಿನ ಕೆಂಪು ಹೋಗಿ ಸ್ವಲ್ಪ ಹಸಿರು ಕಾಣಿಸಿಕೊಂಡಿತೆಂದರೆ, ನನ್ನ ಮಟ್ಟಿಗೆ ಇಡೀ ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದಿಂದ ನಮ್ಮ ಸುಗ್ಗಿ ಹಬ್ಬ ಪುತ್ತರಿವರೆಗೆ ಅಂಥ ನೀರು ಮತ್ತೆ ಮತ್ತೆ ಸಿಗುತ್ತದೆ.

ಎರಡನೆಯದು ನೊರೆ. ಬಂಡೆ ದಾಟಿ ಬರುವ ನೊರೆ ಯಾವ ದಾರಿಯಲ್ಲಿ ಹೋಗುತ್ತದೆ, ಎಲ್ಲಿ ತಿರುಗಿ ನಿಲ್ಲುತ್ತದೆ ನೋಡಬೇಕು. ನೊರೆ ಹೋದ ದಾರಿಯಲ್ಲೇ ಬಿದ್ದ ಹುಳ, ಹಣ್ಣು, ಕಾಳು ಹೋಗುತ್ತವೆ, ಮೀನು ಅದರ ಪಕ್ಕದಲ್ಲಿ ಸೆಳೆತ ಕಡಿಮೆ ಇರುವ ಕಡೆ ಕಾಯುತ್ತಿರುತ್ತದೆ. ಬಂಡೆಯ ಹಿಂದಿನ ಮಡು, ಗದ್ದೆ ಕಡೆಯ ತೋಡು ಬಂದು ಹೊಳೆ ಸೇರುವ ಬಾಯಿ, ನೀರ ಮೇಲೆ ಬಾಗಿದ ಅತ್ತಿ ಮರದ ಬುಡ, ಈ ಮೂರು ಜಾಗ ಬಿಟ್ಟು ನಾನು ಹೆಚ್ಚು ಕಡೆ ಕೂರುವುದಿಲ್ಲ. ಅತ್ತಿ ಹಣ್ಣು ಬೀಳುವ ಕಾಲದಲ್ಲಿ ಮರದ ಕೆಳಗೆ 'ಪುಳಕ್' ಎಂದು ಸದ್ದಾದರೆ ಅದರ ಹಿಂದೆಯೇ ನೀರು ಒಮ್ಮೆ ಕದಡುವುದು ಕಾಣುತ್ತದೆ. ಹಣ್ಣು ತಿನ್ನಲು ಮೀನು ಅಲ್ಲೇ ನಿಂತಿದೆ ಎಂದರ್ಥ.

ಬೇಸಿಗೆಯಲ್ಲಿ ಲೆಕ್ಕ ಬೇರೆ. ಫೆಬ್ರವರಿ ಮುಗಿಯುವ ಹೊತ್ತಿಗೆ ದುಬಾರೆಯ ಹತ್ತಿರ ಕಲ್ಲು ಹಿಡಿದು ಹೊಳೆ ದಾಟುವಷ್ಟು ನೀರು ಇಳಿಯುತ್ತದೆ, ತಳದ ಮರಳು ಕಾಣುತ್ತದೆ. ನಿಮಗೆ ಮೀನು ಕಂಡರೆ ಮೀನಿಗೂ ನೀವು ಕಾಣುತ್ತೀರಿ. ಬೆಳಗ್ಗೆ ಬಿಸಿಲು ನೀರಿಗೆ ಬೀಳುವ ಮೊದಲು, ಸಂಜೆ ನೆರಳು ಉದ್ದವಾದ ಮೇಲೆ ಮಾತ್ರ ಹೋಗುತ್ತೇನೆ. ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಮಧ್ಯಾಹ್ನ ಮೀನು ಆಳ ಹಿಡಿದು ಸುಮ್ಮನಿರುತ್ತದೆ, ಬಾಯಿ ಮುಂದೆ ಇಟ್ಟರೂ ಮುಟ್ಟುವುದು ಅಪರೂಪ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬಂದ ಮರುದಿನ ಅದೇ ಜಾಗದಲ್ಲಿ ಬೆಂಡು ನಿಲ್ಲಲು ಬಿಡುವುದಿಲ್ಲ. ಜೂನ್ ಹಿಡಿದ ಮೇಲೆ ನಾನು ಹೊಳೆಗೆ ಗಾಳ ಹಾಕುವುದಿಲ್ಲ. ಮೀನು ಮೊಟ್ಟೆ ತುಂಬಿಕೊಂಡು ಮೇಲಕ್ಕೆ, ತೋಡಿಗೆ, ಗದ್ದೆಗೆ ಹತ್ತುವ ಕಾಲ ಅದು. ಮೊದಲ ಮಳೆಗೆ ಹತ್ತಿದ ಮೀನನ್ನು ಕತ್ತಿಯಲ್ಲಿ ಕಡಿದು ತರುವ ಅಭ್ಯಾಸ ಊರೂರಲ್ಲಿ ಇದೆ, ನನಗೂ ಗೊತ್ತು. ಆದರೆ ಹೊಟ್ಟೆ ತುಂಬ ಮೊಟ್ಟೆ ಇರುವ ಒಂದು ಮೀನು ಹೋದರೆ ಹೋಗುವುದು ಒಂದೇ ಮೀನಲ್ಲ.

ನಮ್ಮಲ್ಲಿ ಹೆಚ್ಚಿನವರು ಗಾಳ ಹಾಕುವುದು ತೋಟದ ಕೆರೆಗಳಲ್ಲಿ. ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ತೋಡಿಸಿದ ಕೆರೆಗಳಿಗೆ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮರಿ ಬಿಟ್ಟಿರುತ್ತಾರೆ. ಕೆರೆಯ ಯಜಮಾನರನ್ನು ಕೇಳಿಯೇ ಹೋಗಬೇಕು, ಅದು ಬಿಡಿಸಿ ಹೇಳಬೇಕಾದ ಮಾತಲ್ಲ. ಕೆರೆಯಲ್ಲಿ ಯಾವ ಮೀನು ಎಷ್ಟು ಆಳದಲ್ಲಿ ಮೇಯುತ್ತದೆ ಎಂದು ತಿಳಿಯಲು ಅದರ ಬಾಯಿ ನೋಡಿದರೆ ಸಾಕು. ಕಾಟ್ಲಾದ ಕೆಳದುಟಿ ಮೇಲಕ್ಕೆ ತಿರುಗಿದೆ, ಅದು ಮೇಲ್ಪದರದ ಮೀನು. ರೋಹು ನಡುನೀರಿನದು. ಮೃಗಾಲ್ ಮತ್ತು ಗೆಂಡೆ ತಳ ಕೆದಕುವವು, ಅವುಗಳ ಬಾಯಿ ಕೆಳಕ್ಕೆ ಇಳಿದಿರುತ್ತದೆ. ಬೆಂಡನ್ನು ದಾರದಲ್ಲಿ ಮೇಲೆ ಕೆಳಗೆ ಸರಿಸುವುದು ಈ ಲೆಕ್ಕದಲ್ಲಿ. ಕೆಸರಿನಿಂದ ಸಣ್ಣ ಗುಳ್ಳೆ ಸಾಲಾಗಿ ಎದ್ದು ನಿಧಾನವಾಗಿ ಮುಂದೆ ಹೋಗುತ್ತಿದ್ದರೆ ಕೆಳಗೆ ಗೆಂಡೆ ಮೇಯುತ್ತಿದೆ. ಗುಳ್ಳೆಯ ಮೇಲೆಯೇ ಎಸೆಯಬೇಡಿ, ಅದು ಹೋಗುತ್ತಿರುವ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಹಾಕಿ ಬಿಡಿ.

ಈ ಮೀನುಗಳಿಗೆ ನಾನು ರಾಗಿಯನ್ನೇ ನಂಬಿದ್ದೇನೆ. ಎರಡು ಪಾಲು ರಾಗಿ ಹಿಟ್ಟು, ಒಂದು ಪಾಲು ಮೈದಾ, ಒಂದು ಹಿಡಿ ಪುಡಿ ಮಾಡಿದ ಕಡ್ಲೆಹಿಂಡಿ, ಚೂರು ಬೆಲ್ಲ. ಗಟ್ಟಿಯಾಗಿ ಕಲಸಿ, ಅಡಿಕೆ ಗಾತ್ರದ ಉಂಡೆ ಮಾಡಿ, ಕುದಿಯುವ ನೀರಿಗೆ ಹಾಕುತ್ತೇನೆ. ಬೆಂದ ಉಂಡೆ ಮೇಲೆ ತೇಲಿದ ಮೇಲೆ ತೆಗೆದು ಬಟ್ಟೆಯ ಮೇಲೆ ಆರಿಸುತ್ತೇನೆ. ಹೊರಗಿನ ಪದರ ಸ್ವಲ್ಪ ಜಿಗುಟಾಗಿ ಗಟ್ಟಿಯಾಗುವುದರಿಂದ ಪಕ್ಕೆ ಮೀನಿನಂಥ ಸಣ್ಣವು ಕುಟುಕಿದರೂ ಬೇಗ ಉದುರುವುದಿಲ್ಲ. ಗಾಳದ ಬಾಗಿದ ಭಾಗಕ್ಕೆ ಉಂಡೆ ಕೂರಿಸಿ, ಮೊನೆ ಮಾತ್ರ ಹೊರಗೆ ಇಣುಕುವಂತೆ ಬಿಡಬೇಕು. ಮೊನೆ ಹಿಟ್ಟಿನೊಳಗೆ ಹೂತರೆ ಮೀನು ಉಂಡೆ ತಿಂದು ಉಗುಳಿ ಹೋಗುತ್ತದೆ.

ಬೆಂಡು ನಡುಗಿದ ಕೂಡಲೇ ಎಳೆಯುವವರೇ ಹೆಚ್ಚು. ನಮ್ಮೂರಿನಲ್ಲಿ ನಾವೆಲ್ಲ ಮಾವ ಎಂದು ಕರೆಯುವ ಹಿರಿಯರೊಬ್ಬರು ಕೆರೆ ಏರಿಯ ಮೇಲೆ ಕೂತು ಹುಡುಗರಿಗೆ ಹೇಳುವುದು ಇದನ್ನೇ: "ತಡಿಯೋ, ಅದು ಮೂಸ್ತಾ ಇದೆ. ಬೆಂಡು ಓರೆಯಾಗಿ ನಡೀಲಿ, ಆಮೇಲೆ ಎತ್ತು." ಅವರ ಮಾತು ಅಕ್ಷರಶಃ ಸರಿ. ಗೆಂಡೆ ಎರಡು ಮೂರು ಸಲ ಮುಟ್ಟಿ ನೋಡಿ ನಂತರ ಬಾಯಿಗೆ ತೆಗೆದುಕೊಂಡು ನಡೆಯುತ್ತದೆ. ಆಗ ಬೆಂಡು ಕುಣಿಯುವುದಿಲ್ಲ, ಓರೆಯಾಗಿ ಜಾರುತ್ತದೆ. ಮಣಿಕಟ್ಟು ಮಾತ್ರ ಎತ್ತಿದರೆ ಸಾಕು, ತೋಳು ಪೂರ್ತಿ ಬೀಸಬೇಕಿಲ್ಲ. ಗೆಂಡೆಯ ತುಟಿ ಮೃದು, ಜಗ್ಗಿದರೆ ಹರಿದು ಹೋಗುತ್ತದೆ.

ತಾವರೆ, ಜೊಂಡು ಇರುವ ಹಳೆಯ ಕೆರೆಗಳಲ್ಲಿ ಹಾವಿನಂಥ ತಲೆಯ ಬೇಟೆಗಾರ ಮೀನು ಕೊರವ ಇರುತ್ತದೆ. ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಹಾರಿಸುತ್ತಾ ತಂದರೆ ಎಲೆಯನ್ನೇ ಒಡೆದು ಮೇಲೆ ಬರುತ್ತದೆ. ಆ ಹೊಡೆತದ ರೋಮಾಂಚನಕ್ಕೆ ಬೇರೆ ಯಾವ ಕೆರೆ ಮೀನೂ ಸಾಟಿಯಲ್ಲ. ಆದರೆ ಒಂದು ವಿಷಯ ದಯವಿಟ್ಟು ಗಮನಿಸಿ. ಮಳೆಗಾಲದಲ್ಲಿ ನೀರ ಮೇಲೆ ಅಂಗೈ ಅಗಲದ ಕೆಂಪು ಗುಂಪು ಕುದಿಯುವಂತೆ ಕಂಡರೆ ಅದು ಕೊರವದ ಮರಿಗಳು. ಹತ್ತಿರದಿಂದ ನೋಡಿದರೆ ನೂರಾರು ಮರಿ ಒಟ್ಟಿಗೆ ಮೇಲೆ ಬಂದು ಗಾಳಿ ಗುಟುಕರಿಸಿ ಇಳಿಯುವುದು ಕಾಣುತ್ತದೆ. ಅವುಗಳ ಕೆಳಗೆ ತಾಯಿ ತಂದೆ ಕಾವಲಿರುತ್ತವೆ, ಗುಂಪಿನ ಹತ್ತಿರ ಏನು ಬಿದ್ದರೂ ಹೊಡೆಯುತ್ತವೆ. ಅಲ್ಲಿ ಗಾಳ ಹಾಕಿದರೆ ಮೀನು ಖಂಡಿತ ಸಿಗುತ್ತದೆ, ಕಾವಲು ತಪ್ಪಿದ ಮರಿಗಳು ಮಾತ್ರ ಬೇರೆ ಮೀನಿನ ಹೊಟ್ಟೆ ಸೇರುತ್ತವೆ. ಕೆಂಪು ಗುಂಪು ಕಂಡ ಕೆರೆಯನ್ನು ನಾನು ಆ ವರ್ಷಕ್ಕೆ ಬಿಟ್ಟುಬಿಡುತ್ತೇನೆ.

ಇನ್ನು ಮಹಶೀರ್, ಹೊಳೆಯ ದೊಡ್ಡ ಗೆಂಡೆ ಜಾತಿಯ ಮೀನು. ಕಾವೇರಿ ಎಂದರೆ ಹೊರಗಿನವರಿಗೆ ಇದೇ ಮೀನು. 1946ರಲ್ಲಿ ಕಾವೇರಿಯ ಉಪನದಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡ್ ಮಹಶೀರಿನ ಕಥೆ ಗಾಳದವರ ಮಾತಿನಲ್ಲಿ ಇನ್ನೂ ಇದೆ. ಅಂಥ ಗಾತ್ರಕ್ಕೆ ಬೆಳೆಯುವುದು ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಮಹಶೀರ್, ಅದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಮೀನು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಎಂದು ಖಚಿತವಾಯಿತು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿಗೆ ತೀರಾ ಹತ್ತಿರವಾದ ವರ್ಗಕ್ಕೂ ಸೇರಿತು. ಈಗ ಹೊಳೆಯಲ್ಲಿ ಹೆಚ್ಚು ಕಾಣುವುದು ನೀಲಿ ರೆಕ್ಕೆಯದು, ಲೋನಾವಳದ ಮರಿ ಕೇಂದ್ರದಿಂದ ತಂದು ಬಿಟ್ಟ ತಳಿ. ವಾಲ್ನೂರಿನ ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಹೊಳೆ ಕಾಯುತ್ತಾ ಬಂದಿದ್ದಾರೆ, ಅಲ್ಲಿ ಅನುಮತಿ ಪಡೆದು ಹಿಡಿದು ಬಿಡುವ ಪದ್ಧತಿ. ಹೋಗುವ ಮೊದಲು ಸೊಸೈಟಿಯಲ್ಲೂ ಮೀನುಗಾರಿಕೆ ಇಲಾಖೆಯಲ್ಲೂ ವಿಚಾರಿಸಿ. ಅರಣ್ಯದೊಳಗಿನ ಹೊಳೆಯಲ್ಲಿ ಗಾಳ ಹಾಕುವುದು ಬೇಡವೇ ಬೇಡ.

ಬಿಡುವ ಕ್ರಮವನ್ನು ಹಿಡಿಯುವುದಕ್ಕಿಂತ ಜಾಗ್ರತೆಯಿಂದ ಕಲಿಯಬೇಕು. ಮೂರು ಮೊನೆಯ ಗಾಳ ನಾನು ಬಳಸುವುದಿಲ್ಲ. ಒಂಟಿ ಗಾಳದ ಒಳಗಿನ ಮುಳ್ಳನ್ನು ಇಕ್ಕಳದಲ್ಲಿ ಅದುಮಿ ಚಪ್ಪಟೆ ಮಾಡಿಕೊಳ್ಳುತ್ತೇನೆ, ತೆಗೆಯುವಾಗ ಒಂದೇ ತಿರುವಿಗೆ ಬರುತ್ತದೆ. ಮೀನು ದಡಕ್ಕೆ ಬಂದಾಗ ನಾನೇ ಮೊಣಕಾಲುದ್ದ ನೀರಿಗೆ ಇಳಿಯುತ್ತೇನೆ, ಮೀನನ್ನು ಮರಳ ಮೇಲೆ ಎಳೆಯುವುದಿಲ್ಲ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ರೋಗ ತಗಲುವುದು ಅಲ್ಲಿಂದಲೇ. ಕೈ ಒದ್ದೆ ಮಾಡಿಕೊಂಡು ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯ ಕೆಳಗೆ. ತಲೆಯನ್ನು ಹರಿವಿನ ಎದುರಿಗೆ ಹಿಡಿದರೆ ಕಿವಿರಿನೊಳಗೆ ನೀರು ತಾನೇ ಹಾಯುತ್ತದೆ. ಮೊದಲು ಮೀನು ಪಕ್ಕಕ್ಕೆ ವಾಲುತ್ತದೆ. ಕಿವಿರಿನ ಮುಚ್ಚಳ ಒಂದೇ ಲಯದಲ್ಲಿ ತೆರೆದು ಮುಚ್ಚಲು ಶುರುವಾದ ಸ್ವಲ್ಪ ಹೊತ್ತಿಗೆ ಬಾಲ ಬಿಗಿಯಾಗಿ ಅಂಗೈಯನ್ನು ಒದೆಯುತ್ತದೆ. ಅಲ್ಲಿವರೆಗೂ ಬಿಡಬಾರದು. ಫೋಟೊ ಬೇಕಿದ್ದರೆ ನೀರಿನಲ್ಲೇ ತೆಗೆಯಿರಿ.

ಹೊಳೆಯನ್ನು ಖಾಲಿ ಮಾಡುತ್ತಿರುವುದು ಗಾಳವಲ್ಲ. ತೋಟೆ ಸಿಡಿಸುವುದು, ಬ್ಲೀಚಿಂಗ್ ಪೌಡರ್ ಸುರಿಯುವುದು, ಬ್ಯಾಟರಿಯಿಂದ ಕರೆಂಟ್ ಬಿಡುವುದು, ಇವು ಮಡುವಿನ ಮೀನನ್ನೆಲ್ಲ ಮರಿ ಸಮೇತ ಕೊಲ್ಲುತ್ತವೆ. ಸ್ಫೋಟಕ ಮತ್ತು ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ಮೇಲೆ ಮೈಲುತುತ್ತದ ಡ್ರಮ್ಮನ್ನು ತೋಡಿನಲ್ಲಿ ತೊಳೆಯುವುದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ನೀರನ್ನು ಹಾಗೇ ಹರಿಯಬಿಡುವುದು ನಮ್ಮ ತೋಟಗಳಲ್ಲೇ ನಡೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ತೋಡಿನ ನೀರು ಕಂದಾಗಿ ಹುಳಿ ವಾಸನೆ ಬಂದರೆ ಅದರ ಕೆಳಗೆ ಗಾಳ ಹಾಕಿ ಫಲವಿಲ್ಲ. ಕಾಫಿ ಹಣ್ಣಿನಿಂದ ಬಂದ ಸಕ್ಕರೆ ಕೊಳೆಯುತ್ತಾ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಟ್ಟಿರುತ್ತದೆ. ಗಾಳ ಹಿಡಿದವರೇ ಮೊದಲು ಇದನ್ನು ನೋಡುವವರು, ತೋಟದವರಿಗೆ ಹೋಗಿ ಹೇಳಬೇಕಾದವರೂ ನಾವೇ. ನಾನು ಹೇಳಿದ್ದೇನೆ, ಕೆಲವರು ಇಂಗುಗುಂಡಿ ತೋಡಿಸಿದ್ದಾರೆ.

ಹಾರಂಗಿ ಅಣೆಕಟ್ಟಿನ ಕೆಳಗೆ ಕೂರುವವರು ನೀರು ಬಿಡುವ ಸುದ್ದಿ ತಿಳಿದೇ ಹೋಗಿ. ಮಳೆ ಇಲ್ಲದ ದಿನವೂ ಹೊಳೆ ಏಕಾಏಕಿ ಏರುತ್ತದೆ. ನಾನು ಹೇಳಿದ ಕಡ್ಡಿ ಅಲ್ಲಿ ಮೀನಿಗಿಂತ ಹೆಚ್ಚಾಗಿ ನಿಮ್ಮ ಜೀವಕ್ಕೆ. ಸಂಜೆ ಆರರ ಮೇಲೆ ಬಿದಿರು ಮುರಿಯುವ ಸದ್ದು ಕೇಳಿದರೆ ಸಾಮಾನು ಅಲ್ಲೇ ಬಿಟ್ಟು ಎದ್ದು ಬನ್ನಿ, ಆನೆ ನೀರಿಗೆ ಬರುವ ಹೊತ್ತು ಅದು.

ಮನೆಗೆ ತರುವ ಕೆರೆ ಮೀನಿನ ಕರುಳನ್ನು ಅಲ್ಲೇ ತೆಗೆದು, ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಉಜ್ಜಿ ತೊಳೆಯಿರಿ. ಕೆಸರು ವಾಸನೆಗೆ ಕಾಚಂಪುಳಿಗಿಂತ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿರಸಕ್ಕಿಂತ, ಮದ್ದಿಲ್ಲ. ಒಂದು ಚಮಚ ಕಾಚಂಪುಳಿ, ಉಪ್ಪು, ಅರಿಸಿನ ಸವರಿ ಅರ್ಧ ಗಂಟೆ ಇಟ್ಟು ತೊಳೆದರೆ ವಾಸನೆ ಹೋಗುತ್ತದೆ. ಸಾರಿಗೆ ಮತ್ತೆ ಹಾಕುವುದಾದರೆ ಇಳಿಸುವ ಹೊತ್ತಿಗೆ, ಸ್ವಲ್ಪವೇ. ಮೊದಲೇ ಸುರಿದರೆ ಗೆಂಡೆಯ ಮಾಂಸ ಬಿಗಿದುಕೊಂಡು ಮಸಾಲೆ ಒಳಗೆ ಇಳಿಯುವುದಿಲ್ಲ.