ಬೆಂಗಳೂರಿನಲ್ಲಿ ತುರ್ತು ಸುದ್ದಿ ಕೇಳಲು ಯಾವ ರೇಡಿಯೊ? ಸ್ಕ್ಯಾನರ್ ಕೊಳ್ಳುವ ಮುನ್ನ

ಸ್ಕ್ಯಾನರ್ ಅಂದರೆ ಒಂದಾದ ಮೇಲೊಂದು ಚಾನೆಲ್ ಹುಡುಕುತ್ತಾ ವೈರ್‌ಲೆಸ್ ಮಾತು ಕೇಳಿಸುವ ರೇಡಿಯೊ. ಅದರ ಬಗ್ಗೆ ಯೂಟ್ಯೂಬ್‌ನಲ್ಲಿ ಸಿಗುವ ಸಲಹೆ ಬಹುಪಾಲು ಅಮೆರಿಕದ್ದು. ಅಲ್ಲಿ 162.400ರಿಂದ 162.550 ಮೆಗಾಹರ್ಟ್ಸ್ ನಡುವೆ ಹವಾಮಾನ ಇಲಾಖೆಯ ಪ್ರಸಾರ ದಿನವಿಡೀ ನಡೆಯುತ್ತದೆ. ಚಂಡಮಾರುತದ ಎಚ್ಚರಿಕೆ ಬಂದರೆ ಸೆಟ್ ತಾನೇ ಕೂಗಿಕೊಳ್ಳುತ್ತದೆ. ಅದೇ ಸೆಟ್ಟನ್ನು ಜಯನಗರದಲ್ಲಿ ಆನ್ ಮಾಡಿ ‘ವೆದರ್’ ಗುಂಡಿ ಒತ್ತಿದರೆ ಬರುವುದು ಬರೀ ಸುಯ್ ಸದ್ದು. ನಮ್ಮಲ್ಲಿ ಅಂಥ ಪ್ರಸಾರವೇ ಇಲ್ಲ. ದುಬಾರಿ ಸ್ಕ್ಯಾನರ್‌ಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ಹೀಗೆ ಇಲ್ಲಿ ಕೆಲಸಕ್ಕೆ ಬಾರದ ಸೌಲಭ್ಯಗಳಿಗೇ ಹೋಗುತ್ತದೆ.

ಸೈರನ್ ವಿಷಯದಲ್ಲೂ ಗೊಂದಲವಿದೆ. ಸೈರನ್ ಅಂದರೆ ಸದ್ದು. ಅದನ್ನು ಕೇಳಲು ಕಿವಿ ಸಾಕು, ರೇಡಿಯೊ ಬೇಡ. 2025ರ ಮೇ 7ರ ನಾಗರಿಕ ರಕ್ಷಣಾ ಅಣಕು ಕವಾಯತಿನಲ್ಲಿ ನಗರದಲ್ಲಿ ಸೈರನ್ ಮೊಳಗಿದಾಗ ಎಷ್ಟೋ ಜನಕ್ಕೆ ಅದರ ಅರ್ಥವೇ ಗೊತ್ತಿರಲಿಲ್ಲ. ಏರಿಳಿಯುತ್ತಾ ಕೂಗಿದರೆ ಅಪಾಯದ ಎಚ್ಚರಿಕೆ. ಏರಿಳಿತವಿಲ್ಲದೆ ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು ಎಂದು.

ಇನ್ನು ಪೊಲೀಸ್ ವೈರ್‌ಲೆಸ್. ಸ್ಕ್ಯಾನರ್ ಬೇಕು ಅನ್ನುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಇದೇ, ಆದರೆ ಇದನ್ನು ಕೈಬಿಡಿ. ಸಂದೇಶವನ್ನು ಕಾನೂನುಬಾಹಿರವಾಗಿ ಕದ್ದಾಲಿಸಿದರೆ 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದಿರಲಿ, ಗೂಢಲಿಪೀಕರಿಸಿದ ಡಿಜಿಟಲ್ ಮಾತನ್ನು ಯಾವ ಸ್ಕ್ಯಾನರೂ ಬಿಡಿಸಲಾರದು. ಯೂನಿಡೆನ್ ಎಸ್‌ಡಿಎಸ್-100ನಂಥ ದುಬಾರಿ ಸೆಟ್ ಕೂಡ ಅಮೆರಿಕದ ಪಿ-25 ಎಂಬ ಡಿಜಿಟಲ್ ವೈರ್‌ಲೆಸ್ ಪದ್ಧತಿಗೆಂದು ಮಾಡಿದ್ದು. ಟೆಟ್ರಾ ಎಂಬ ಇನ್ನೊಂದು ಡಿಜಿಟಲ್ ಪದ್ಧತಿ ಅದಕ್ಕೆ ತಿಳಿಯುವುದೇ ಇಲ್ಲ.

‘ಅಗ್ಗದ ಸ್ಕ್ಯಾನರ್’ ಎಂದು ಬಾವೋಫೆಂಗ್ ಯುವಿ-5ಆರ್ ಮಾರುವವರೂ ಇದ್ದಾರೆ. ಅದು ಸ್ಕ್ಯಾನರ್ ಅಲ್ಲ, ವಾಕಿಟಾಕಿ. ಪಕ್ಕದ ಗುಂಡಿಗೆ ಬೆರಳು ತಗುಲಿದರೆ ಸಾಕು, ನೀವು ಇನ್ನೊಬ್ಬರ ಚಾನೆಲ್ಲಿನಲ್ಲಿ ಪ್ರಸಾರ ಮಾಡುತ್ತಿರುತ್ತೀರಿ. ಪರವಾನಗಿ ಇಲ್ಲದೆ ಬಳಸಬಹುದಾದ ವಾಕಿಟಾಕಿ 446.0–446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯವು ಮಾತ್ರ. ಇ-ಕಾಮರ್ಸ್ ತಾಣಗಳಲ್ಲಿ ಉಳಿದವನ್ನು ಎಗ್ಗಿಲ್ಲದೆ ಮಾರುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು.

ಹಾಗಾದರೆ ಕೊಳ್ಳಬೇಕಾದ್ದು ಏನು? ಕರೆಂಟ್ ಹೋಗಿ, ಮೊಬೈಲ್ ಟವರಿನ ಬ್ಯಾಟರಿಯೂ ಬರಿದಾದ ಹೊತ್ತಿಗೆ ಕೆಲಸಕ್ಕೆ ಬರುವುದು ಮೀಡಿಯಂ ವೇವ್ ಮತ್ತು ಎಫ್‌ಎಂ ಹಿಡಿಯುವ, ಸೆಲ್ ಹಾಕುವ ರಿಸೀವರ್. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಎಫ್‌ಎಂ ರೇನ್‌ಬೋ 101.3, ವಿವಿಧ ಭಾರತಿ 102.9 ಮೆಗಾಹರ್ಟ್ಸ್. ಈ ಮೂರನ್ನೂ ಮೆಮೊರಿಗೆ ಹಾಕಿಡಿ.

ಎಸ್‌ಪಿ ರೋಡಿಗೋ ನ್ಯಾಷನಲ್ ಮಾರ್ಕೆಟ್ಟಿಗೋ ಹೋದರೆ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಡಿಜಿಟಲ್ ಸೆಟ್ಟನ್ನು ಎಎಂಗೆ, ಅಂದರೆ ಮೀಡಿಯಂ ವೇವ್‌ಗೆ, ಹಾಕಿ 612 ತನ್ನಿ. ಅದು 610ರಿಂದ ನೇರ 620ಕ್ಕೆ ಹಾರಿದರೆ ಸೆಟ್ ಅಮೆರಿಕದ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿದೆ. ನಮ್ಮದು 9ರ ಹೆಜ್ಜೆ. 9 ಇಂಟು 68 ಅಂದರೆ 612. ಮೆನುವಿನಲ್ಲಿ ಬದಲಿಸಲು ಬಂದರೆ ಸರಿ, ಬಾರದಿದ್ದರೆ ಆ ಸೆಟ್ ಬೇಡ. ಅಂಗಡಿಯೊಳಗೆ ಎಲ್‌ಇಡಿ ದೀಪಗಳ ಗಲಾಟೆ ವಿಪರೀತ, ಆದ್ದರಿಂದ ಬಾಗಿಲ ಬಳಿ ಬಂದು ಕೇಳಿ. ಊರಲ್ಲೇ ಇರುವ 612 ಯಾವ ಡಬ್ಬದಲ್ಲೂ ಬರುತ್ತದೆ. ಸೆಟ್ಟಿನ ನಿಜವಾದ ತಾಕತ್ತು ತಿಳಿಯಬೇಕಾದರೆ ರಾತ್ರಿ 765ರಲ್ಲಿ ಧಾರವಾಡ ಹುಡುಕಿ. ಎಎಂನಲ್ಲಿ ಆಂಟೆನಾ ಒಳಗಿನ ಫೆರೈಟ್ ಸರಳು. ಉದ್ದನೆಯ ಕಡ್ಡಿಯನ್ನು ಎಳೆದು ಪ್ರಯೋಜನವಿಲ್ಲ, ಸೆಟ್ಟನ್ನೇ ತಿರುಗಿಸಿ ನೋಡಬೇಕು. ಪವರ್‌ಗೆ ಎಎ ಸೆಲ್ಲಿನದೇ ಒಳ್ಳೆಯದು, ಬೀದಿ ಕೊನೆಯ ಅಂಗಡಿಯಲ್ಲೂ ಸಿಗುತ್ತದೆ. ಒಳಗೇ ಕೂರಿಸಿದ ಲಿಥಿಯಂ ಬ್ಯಾಟರಿ ಮುಗಿದರೆ, ಕರೆಂಟ್ ಇಲ್ಲದ ರಾತ್ರಿಯಲ್ಲಿ ಸೆಟ್ ಬರೀ ಅಲಂಕಾರ.

ಸ್ಕ್ಯಾನ್ ಮಾಡುವ ಹಂಬಲ ಇನ್ನೂ ಉಳಿದಿದ್ದರೆ ಹ್ಯಾಮ್, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊ, ದಾರಿ ಹಿಡಿಯಿರಿ. ಪ್ರವಾಹದಂಥ ಹೊತ್ತಿನಲ್ಲಿ ಸ್ವಯಂಸೇವಕರಾಗಿ ಸಂದೇಶ ಸಾಗಿಸುವವರು ಹ್ಯಾಮ್‌ಗಳೇ. ಅವರ ಬ್ಯಾಂಡ್ 144–146 ಮತ್ತು 434–438 ಮೆಗಾಹರ್ಟ್ಸ್. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು, ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಕಲಿತಿರಬೇಕಿಲ್ಲ. ನಗರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ತರಗತಿ ನಡೆಸುತ್ತದೆ. ಪರವಾನಗಿ ಕೈಗೆ ಬಂದ ಮೇಲೆ ಸೆಟ್ ತೆಗೆದುಕೊಳ್ಳಿ. ಬಿಲ್ಲಿನ ಜೊತೆ ಉಪಕರಣದ ಇಟಿಎ (ಸರ್ಕಾರದ ಉಪಕರಣ ಮಾದರಿ) ಅನುಮೋದನೆಯನ್ನೂ ಕೇಳಿ.

ಕೇಳುವುದಷ್ಟೇ ಸಾಕು ಅನ್ನುವ ಹ್ಯಾಮ್‌ಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಾಕಾಗುತ್ತದೆ. ಇದು ಲ್ಯಾಪ್‌ಟಾಪ್‌ಗೆ ಚುಚ್ಚಿ ರೇಡಿಯೊ ಕೇಳುವ ಪುಟ್ಟ ಯುಎಸ್‌ಬಿ ಕಡ್ಡಿ. ಹಿಡಿಯುವುದು ಸುಮಾರು 24ರಿಂದ 1,766 ಮೆಗಾಹರ್ಟ್ಸ್, ಪ್ರಸಾರ ಮಾಡುವುದಿಲ್ಲ. ಊರಿನಲ್ಲಿ ಇದರ ಶತ್ರು ಎಫ್‌ಎಂ ಸ್ಟೇಷನ್‌ಗಳು. 145ರಲ್ಲಿ ಸಿನಿಮಾ ಹಾಡು ಕೇಳಿಸಿದರೆ ಡಾಂಗಲ್ ತುಂಬಿ ತುಳುಕುತ್ತಿದೆ ಎಂದರ್ಥ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ತಾನೇ ಹೊಂದಿಸುವ ಎಜಿಸಿ ಆಫ್ ಮಾಡಿ, ಗೇನ್ 25–30 ಡೆಸಿಬೆಲ್‌ಗೆ ಇಳಿಸಿ. ಆಗಲೂ ಹೋಗದಿದ್ದರೆ 88–108 ತಡೆಯುವ ಫಿಲ್ಟರ್ ಹಾಕಿ. ಲ್ಯಾಪ್‌ಟಾಪ್‌ಗೆ ನೇರ ಚುಚ್ಚುವ ಬದಲು ಒಂದೆರಡು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಬಳಸಿದರೂ ಗಲಾಟೆ ಸಾಕಷ್ಟು ಇಳಿಯುತ್ತದೆ. ಹಳೆಯ ಪಾಠಗಳಲ್ಲಿ 137 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ನೋವಾ ಹವಾಮಾನ ಉಪಗ್ರಹದ ಮೋಡದ ಚಿತ್ರ ಹಿಡಿಯಿರಿ ಎಂದಿರುತ್ತದೆ; ಆ ಉಪಗ್ರಹಗಳನ್ನು 2025ರಲ್ಲೇ ನಿಲ್ಲಿಸಿದ್ದಾರೆ, ಸುಮ್ಮನೆ ಕಾಯಬೇಡಿ. ಅಭ್ಯಾಸಕ್ಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.800 ಮತ್ತು 145.825 ಚೆನ್ನ. ನೆತ್ತಿಯ ಮೇಲೆ ಹಾಯುವ ಹತ್ತು ನಿಮಿಷದೊಳಗೆ, ನಿಲ್ದಾಣದ ವೇಗದಿಂದಾಗುವ ಡಾಪ್ಲರ್‌ನಿಂದ ಆವರ್ತನ ಮೂರೂವರೆ ಕಿಲೋಹರ್ಟ್ಸ್‌ವರೆಗೆ ಅತ್ತಿತ್ತ ಸರಿಯುತ್ತದೆ.

ಆಂಟೆನಾ ಮನೆಯಲ್ಲೇ ಆಗುತ್ತದೆ. 145ಕ್ಕೆ ತಲಾ 49 ಸೆಂಟಿಮೀಟರಿನ ಎರಡು ತಂತಿ: ಒಂದು ಕೇಬಲ್ಲಿನ ನಡುತಂತಿಗೆ, ಇನ್ನೊಂದು ಜಾಲರಿಗೆ. ಸಂದೇಶ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಹ್ಯಾಮ್ ರಿಪೀಟರ್‌ಗೆ ನೆಟ್ಟಗೆ ನಿಲ್ಲಿಸಿ, ಉಪಗ್ರಹಕ್ಕೆ ‘ವಿ’ ಆಕಾರದಲ್ಲಿ ಮಲಗಿಸಿ. ಬಾಲ್ಕನಿಯ ಕಬ್ಬಿಣದ ಗ್ರಿಲ್‌ನಿಂದ ಕನಿಷ್ಠ ಒಂದು ಮೀಟರ್ ದೂರವಿರಲಿ. ಆರ್‌ಜಿ-58 ಕೇಬಲ್ ಹತ್ತು ಮೀಟರಿಗೆ ಸುಮಾರು ಎರಡು ಡೆಸಿಬೆಲ್ ನುಂಗುತ್ತದೆ. ಬರೀ ಕೇಳುವುದಕ್ಕಾದರೆ ಕೇಬಲ್ ಟಿವಿಯವರ ಆರ್‌ಜಿ-6 ಅದಕ್ಕಿಂತ ಮೇಲು. ಏಪ್ರಿಲ್–ಮೇ ಗುಡುಗು ಶುರುವಾಗುವ ಮೊದಲೇ ಕೇಬಲ್ ಕಳಚಿಡಿ.

ಗೊರಗೊರ ಸದ್ದು ಎಲ್ಲಿಂದ ಎಂದು ತಿಳಿಯಲು ರೇಡಿಯೊವನ್ನು ಸೆಲ್ ಮೇಲೆ ಓಡಿಸಿ, ಎಎಂನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ, ಮನೆಯ ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸಿ. ಯುಪಿಎಸ್ ತನ್ನ ಬ್ಯಾಟರಿಯಿಂದಲೇ ಓಡುವುದರಿಂದ ಅದನ್ನು ಬೇರೆಯಾಗಿ ಆಫ್ ಮಾಡಬೇಕು. ಕಳ್ಳ ಹೆಚ್ಚಾಗಿ ಅದೇ, ಇಲ್ಲವೇ ಅಗ್ಗದ ಎಲ್‌ಇಡಿ ಡ್ರೈವರ್.

ಫೋನಿನಲ್ಲಿ ತುರ್ತು ಎಚ್ಚರಿಕೆಯ ಸೆಟ್ಟಿಂಗ್ ಆನ್ ಇರಲಿ. 2023ರಲ್ಲಿ ಎಲ್ಲರ ಫೋನೂ ಒಟ್ಟಿಗೆ ಕಿರುಚಿದ್ದು ಇದರ ಪರೀಕ್ಷೆಗೇ. ವಿಪತ್ತಿನ ಎಚ್ಚರಿಕೆ ಕೊಡುವ ಸರ್ಕಾರದ ಸಚೇತ್ ಆ್ಯಪ್ ಕೂಡ ಹಾಕಿಕೊಳ್ಳಿ. ರೇಡಿಯೊವನ್ನು ಕಪಾಟಿನಲ್ಲಿಡುವಾಗ ಸೆಲ್ ಒಳಗೆ ಬಿಡಬೇಡಿ, ಸೋರಿ ಸ್ಪ್ರಿಂಗ್ ಹಸಿರು ಹಿಡಿಯುತ್ತದೆ. ಕವರಿನಲ್ಲಿ ಸುತ್ತಿ ಸೆಟ್ಟಿನ ಪಕ್ಕದಲ್ಲೇ ಇಡಿ.